ಯಾರು ಯಾರಿಗೆ ಹೇಳಿದರು

ಶಿದ್ದಪ್ಪ ಕನ್ನಡದಲ್ಲಿ ಎರಡು ಸಲ ಫೇಲಾದ. ಗಣಿತದಲ್ಲಿ ಫೇಲಾಗಿದ್ದರೆ ಲಕಮನಹಳ್ಳಿಯಲ್ಲಿ ಅವನಿದ್ದ ಸಾಲುಮನೆಗಳ ಚಾಳಿನಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಫೇಲಾಗಿದ್ದರೆ ನಾಲ್ಕು ಜನ ಬಂದು ಸಮಾಧಾನ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಆದರೆ ಈ ಮಹಾನುಭಾವ ಅವೆರಡನ್ನೂ ಪಾಸು ಮಾಡಿಕೊಂಡು, ಹುಟ್ಟಿದಾಗಿನಿಂದ ಆಡುತ್ತ ಬಂದ ಭಾಷೆಯಲ್ಲಿ ಮೊದಲ ಸಲ ಹತ್ತೊಂಬತ್ತು, ಎರಡನೆಯ ಸಲ ಹದಿನೇಳು ಅಂಕ ತಂದಿದ್ದ. ಹೆಂಡತಿ ಸುಕನ್ಯಾ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಹಂಗಾರ ಇಷ್ಟು ವರ್ಷ ನನ್ನ ಕೂಡ ಯಾವ ಭಾಷಾದಾಗ ಮಾತಾಡಿದ್ರಿ?” ಎಂದು ಕೇಳಿದಳು. 

ನಲವತ್ತಾರನೆಯ ವಯಸ್ಸಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುವ ಹುಕಿ ಅವನಿಗೆ ತಾನಾಗಿ ಹುಟ್ಟಿದ್ದಲ್ಲ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ. ತಗಡನ್ನು ಒತ್ತಿ ಮೋಟಾರಿನ ಬಿಡಿಭಾಗ ಮಾಡುವ ಪ್ರೆಸ್ ಯಂತ್ರಗಳಿಗೆ ತಗಡು ಹೊತ್ತು ತಂದು ಕೊಡುವುದು ಅವನ ಕೆಲಸ. ಅದಕ್ಕೆ ಬೇಕಾದ ವಿದ್ಯೆ ಅವನ ಹೆಗಲಿನಲ್ಲಿತ್ತು. ಹಾಗಿರುವಾಗ ಒಂದು ದಿನ ನೋಟಿಸು ಬಂತು: ಮುಂದಿನ ಮೂರು ಫಲಿತಾಂಶಗಳೊಳಗೆ ಹತ್ತನೆಯ ತರಗತಿ ಪಾಸಾಗದವರನ್ನು ಕಂಪನಿಯ ಪಟ್ಟಿಯಿಂದ ತೆಗೆದು ಗುತ್ತಿಗೆದಾರನ ಪಟ್ಟಿಗೆ ಸೇರಿಸಲಾಗುವುದು. ಗುತ್ತಿಗೆದಾರನ ಆಳು ಎಂದರೆ, ಯಾವ ದಿನ ಬೇಕಾದರೂ ಗೇಟಿನಿಂದಲೇ ತಿರುಗಿ ಮನೆಗೆ ಕಳಿಸಬಹುದಾದ ಆಳು ಎಂದರ್ಥ.

ಅವನನ್ನು ಎರಡು ಸಲವೂ ಕೆಡವಿದ್ದು ಒಂದೇ ಪ್ರಶ್ನೆ: ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ.’ ಪಾಠದಿಂದ ಒಂದು ಮಾತು ಎತ್ತಿ ಕೊಟ್ಟಿರುತ್ತಾರೆ. ಅದನ್ನು ಯಾರು ಯಾರಿಗೆ ಹೇಳಿದರು, ಯಾವಾಗ, ಯಾಕೆ ಎಂದು ಬರೆದು, ಕೊನೆಗೆ ಅದರ ಸ್ವಾರಸ್ಯವನ್ನೂ ಬರೆಯಬೇಕು. ಶಿದ್ದಪ್ಪ ನಾಲ್ಕೂ ಮಾತುಗಳ ಮುಂದೆ ಒಂದೇ ಉತ್ತರ ಬರೆದಿದ್ದ: ‘ಈ ಮಾತನ್ನು ಯಾರು ಯಾರಿಗೆ ಹೇಳಿದರೋ ನನಗೆ ಗೊತ್ತಿಲ್ಲ. ಆಗ ನಾನು ಅಲ್ಲಿ ಇರಲಿಲ್ಲ.’

ಮೂರನೆಯ ಸಲಕ್ಕೆ ಅವನು ಮಾಳಮಡ್ಡಿಯ ಮಂದಾಕಿನಿಬಾಯಿಯವರ ಮನೆಗೆ ಹೋದ. ಅವರು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವನ ಉತ್ತರ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

“ಶಿದ್ದಪ್ಪ, ಪರೀಕ್ಷಾದಾಗ ಇಷ್ಟು ಖರೇ ಹೇಳಬಾರದು” ಎಂದರು. “ನಿಮಗ ಪಾಠದ ಮಾತು ದೂರ ಆಗತಾವ. ಒಂದು ಕೆಲಸ ಮಾಡ್ರಿ. ದಿನಾ ನಿಮ್ಮ ಕಿವಿಗೆ ಬಿದ್ದ ಒಂದು ಮಾತು ಹಿಡೀರಿ. ಯಾರು ಯಾರಿಗೆ ಅಂದ್ರು, ಯಾವಾಗ, ಯಾಕ, ಎಲ್ಲಾ ಬರೀರಿ. ರವಿವಾರ ತಂದು ತೋರಸ್ರಿ, ನಾ ತಿದ್ದಿ ಮಾರ್ಕ ಹಾಕತೇನಿ.”

“ಸ್ವಾರಸ್ಯ ಹೆಂಗ ಬರೀಬೇಕ್ರಿ ಬಾಯಾರ? ನನಗ ಅದ ತಿಳಿಯಂಗಿಲ್ಲ.”

“ತಿಳೀಲಿಲ್ಲಂದ್ರ ಮಾತಾಡಿದವರದು ಒಂದು ಒಳ್ಳೇ ಗುಣ ಹುಡುಕ್ರಿ. ‘ಇಲ್ಲಿ ಅವರ ಇಂಥಾ ಗುಣ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಅಂತ ಬರೀರಿ. ಮಾರ್ಕಿಗೆ ಮೋಸ ಇಲ್ಲ.”

ಬಾಯಿಯವರು ಇದನ್ನು ಸಾವಿರಾರು ಮಕ್ಕಳಿಗೆ ಹೇಳಿದ್ದರು. ಸಾವಿರಾರು ಮಕ್ಕಳು ಇದರಿಂದಲೇ ಪಾಸಾಗಿ ತಂತಮ್ಮ ದಾರಿ ಹಿಡಿದಿದ್ದರು. ಶಿದ್ದಪ್ಪ ಇನ್ನೂರು ಪುಟದ ನೋಟಬುಕ್ಕು ಕೊಂಡ.

ಮೊದಲ ದಿನದ ಮಾತು ಊಟಕ್ಕೆ ಕೂತಲ್ಲೇ ಸಿಕ್ಕಿತು. ‘“ಸಾರಿಗೆ ಉಪ್ಪು ಸರಿ ಐತೇನ್ರಿ?” ಸಂದರ್ಭ: ಈ ಮಾತನ್ನು ಸುಕನ್ಯಾ ಎಂಬುವಳು ತನ್ನ ಪತಿಯಾದ ಶಿದ್ದಪ್ಪ ಎಂಬುವನಿಗೆ, ಆತನು ಮೊದಲ ತುತ್ತು ನುಂಗಿ ಸುಮ್ಮನೆ ಕುಳಿತಾಗ ಹೇಳಿದಳು. ಸ್ವಾರಸ್ಯ: ಇಲ್ಲಿ ಸುಕನ್ಯಾಳ ವಿನಯವು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’

ಸುಕನ್ಯಾ ಓದಿ ನೋಡಿದಳು. “ಉಪ್ಪು ಎರಡ ಸಲ ಬಿದ್ದಿತ್ತು, ಅಂಜಿ ಕೇಳಿದ್ನಿ. ವಿನಯ ಎಲ್ಲಿಂದ ಬಂತ್ರಿ?”

“ಮಾರ್ಕಿಗೆ” ಎಂದ ಶಿದ್ದಪ್ಪ.

ಎರಡನೆಯ ದಿನ ಚಾಳಿನ ನಳದ ಹತ್ತಿರ ನೆರೆಮನೆಯ ಕಾಶೀಬಾಯಿ ಮುರಿಗೆವ್ವನಿಗೆ, “ನಿನ್ನ ಹದಿನಾರು ಕೊಡ ತುಂಬಿದ ಮ್ಯಾಲ ನಮಗೂ ಒಂದು ಹನಿ ಉಳಸವ್ವಾ” ಎಂದಿದ್ದಳು. ಶಿದ್ದಪ್ಪ ಇದರಲ್ಲಿ ಕಾಶೀಬಾಯಿಯ ತಾಳ್ಮೆಯನ್ನು ಕಂಡು ದಾಖಲಿಸಿದ. ಅದು ಹೇಗೋ ಮುರಿಗೆವ್ವನ ಕಿವಿಗೆ ಮುಟ್ಟಿತು. ತನ್ನ ಹದಿನಾರು ಕೊಡಗಳು ಯಾವುದೋ ಬುಕ್ಕಿನಲ್ಲಿ ದಾಖಲಾಗಿವೆ, ಯಾರು ಯಾರಿಗೆ ಎಂದರು ಎಂಬುದು ಹೆಸರು ಸಮೇತ ಇದೆ ಎಂದ ಮೇಲೆ ಅದು ಪರೀಕ್ಷೆಯ ಅಭ್ಯಾಸ ಎಂದರೆ ಯಾರು ನಂಬುತ್ತಾರೆ? ಶಿದ್ದಪ್ಪ ಮಹಾನಗರಪಾಲಿಕೆಗೆ ಗುಪ್ತವಾಗಿ ವರದಿ ಬರೆದು ಕೊಡುತ್ತಾನೆ ಎಂದು ಸಂಜೆಯೊಳಗೆ ಚಾಳಿಗೆ ಚಾಳೇ ತೀರ್ಮಾನಿಸಿತು. ಮರುದಿನ ನಳಕ್ಕೆ ಕದ್ದು ಹಚ್ಚಿದ್ದ ಎರಡು ಮೋಟಾರುಗಳು ಮಾಯವಾದವು. ಕೊನೆಯ ಮನೆಗೆ ಮೊದಲ ಬಾರಿ ನೀರು ಬಂತು. ಆ ಮನೆಯವರು ಶಿದ್ದಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು.

ಅಲ್ಲಿಂದ ಮುಂದೆ ಅವನೆದುರು ಯಾರೂ ನೆಟ್ಟಗೆ ಮಾತಾಡಲಿಲ್ಲ. ಆಡಿದರೆ ಆಕಾಶವಾಣಿಯ ವಾರ್ತೆಯ ಹಾಗೆ ಆಡಿದರು. “ನಮಸ್ಕಾರ ಶಿದ್ದಪ್ಪನವರೇ, ತಮ್ಮ ಆರೋಗ್ಯ ಹೇಗಿದೆ?” ಎಂದು ಮುರಿಗೆವ್ವ ಒಂದು ಬೆಳಿಗ್ಗೆ ಕೇಳಿದಾಗ ಅವನಿಗೆ ಮೈ ಝುಮ್ಮೆಂದಿತು. ಇಂಥ ಮಾತಿಗೆ ಸಂದರ್ಭವೂ ಇರುವುದಿಲ್ಲ, ಸ್ವಾರಸ್ಯವೂ ಇರುವುದಿಲ್ಲ. ಹೀಗೆ ಚಾಳಿನಲ್ಲಿ ಮಾತಿಗೆ ಬರ ಬಂದದ್ದರಿಂದ ಅವನು ನೋಟಬುಕ್ಕನ್ನು ಕಾರ್ಖಾನೆಗೆ ಒಯ್ಯತೊಡಗಿದ.

ಅಲ್ಲಿ ಯಾರೂ ಅಂಜಲಿಲ್ಲ. ಸೂಪರ್‌ವೈಸರ್ ತ್ರ್ಯಂಬಕ ಸಾಹೇಬರಂತೂ ಖುಷಿಪಟ್ಟರು. ಅವರಿಗೆ ತಾವು ಆಡುವ ಮಾತಿನ ಬಗ್ಗೆ ಮೊದಲಿನಿಂದಲೂ ದೊಡ್ಡ ಅಭಿಪ್ರಾಯವಿತ್ತು, ಬರೆದುಕೊಳ್ಳುವವರು ಮಾತ್ರ ಸಿಕ್ಕಿರಲಿಲ್ಲ. ಬೈಯುವ ಮೊದಲು ಶಿದ್ದಪ್ಪ ಹತ್ತಿರದಲ್ಲಿದ್ದಾನೆಯೇ ಎಂದು ನೋಡಿ ಬೈಯತೊಡಗಿದರು.

ಆ ಗುರುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮೂರನೆಯ ಪ್ರೆಸ್ಸು ಮತ್ತೆ ಮತ್ತೆ ನಿಲ್ಲುತ್ತಿತ್ತು. ಅದರ ಬಾಯಿಗೆ ಒಂದು ಸೆನ್ಸರ್ ಇರುತ್ತದೆ. ಕೈ ಒಳಗಿದ್ದರೆ ಯಂತ್ರ ಕೆಳಗೆ ಬರುವುದಿಲ್ಲ. ಅದು ಹಳತಾಗಿ, ಕೈ ಇಲ್ಲದಾಗಲೂ ಇದೆ ಎಂದು ತಿಳಿದು ನಿಂತುಬಿಡುತ್ತಿತ್ತು. ಯಂತ್ರ ನಡೆಸುವ ದುರ್ಗೇಶ ಇದನ್ನು ಸಾಹೇಬರಿಗೆ ಹೇಳಿದ. ಅವನು ಗುತ್ತಿಗೆಯ ಆಳು, ವಯಸ್ಸು ಮೂವತ್ತೆರಡು. ಕಲಘಟಗಿ ಕಡೆಯ ಹಳ್ಳಿಯಿಂದ ತಾಯಿಯನ್ನು ಕರೆತಂದು ಬಾಡಿಗೆಯ ಮನೆಯಲ್ಲಿದ್ದ.

ತ್ರ್ಯಂಬಕ ಸಾಹೇಬರು ಗಡಿಯಾರ ನೋಡಿದರು. “ಸೆನ್ಸರ್ ಬಂದ್ ಮಾಡಿ ಓಡಸು. ಈ ಮಾಲಿನ ಲಾಟ್ ಇವತ್ತ ಹೋಗಬೇಕು.”

“ಸರ, ಅದು ಕೈ ಕಾಯೂ ಸೆನ್ಸರ್ ಐತ್ರಿ” ಎಂದ ದುರ್ಗೇಶ.

“ಕೈ ನೀ ಕಾಯಿ. ಲಾಟ್ ನಾ ಕಾಯತೇನಿ.” ಸಾಹೇಬರು ತಾವೇ ತಮ್ಮ ಮಾತಿಗೆ ಮೆಚ್ಚಿ ಶಿದ್ದಪ್ಪನ ಕಡೆ ತಿರುಗಿದರು. “ಬರಕೋ ಶಿದ್ದಪ್ಪ. ಇಂಥಾ ಮಾತು ನಿನಗ ಪುಸ್ತಕದಾಗ ಸಿಗೂದಿಲ್ಲ.”

ಶಿದ್ದಪ್ಪ ಊಟದ ಬಿಡುವಿನಲ್ಲಿ ಬರೆದ. ಯಾರು, ಯಾರಿಗೆ, ಯಾವಾಗ, ಯಾಕೆ, ಒಂದೂ ಬಿಡಲಿಲ್ಲ. ಕೊನೆಗೆ ಬರೆದ: ‘ಸ್ವಾರಸ್ಯ: ಇಲ್ಲಿ ತ್ರ್ಯಂಬಕ ಸಾಹೇಬರ ಕರ್ತವ್ಯನಿಷ್ಠೆಯು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಸಾಹೇಬರು ಓದಿ, ಎರಡನೆಯ ಸಲ ಓದಿ, ಅವನಿಗೆ ಚಹಾ ತರಿಸಿದರು. ರವಿವಾರ ಮಂದಾಕಿನಿಬಾಯಿ ಅದೇ ಪುಟಕ್ಕೆ ಕೆಂಪು ಮಸಿಯಲ್ಲಿ ಮೂರಕ್ಕೆ ಮೂರು ಹಾಕಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಪೂರ್ತಿ ಅಂಕ ಬಂದ ಸಂತೋಷಕ್ಕೆ ಶಿದ್ದಪ್ಪ ಚಾಳಿಗೆಲ್ಲ ಮಿರ್ಚಿ ಭಜಿ ಹಂಚಿದ. ಮುರಿಗೆವ್ವ ಅದನ್ನು ಸಾಕ್ಷಿದಾರರಿಗೆ ಕೊಡುವ ಲಂಚವೆಂದು ತಿಳಿದು ಎರಡು ಹೆಚ್ಚು ಇಸಿದುಕೊಂಡಳು.

ಗುರುವಾರ ಬಂದ್ ಮಾಡಿದ ಸೆನ್ಸರನ್ನು ಶುಕ್ರವಾರ ಯಾರೂ ಚಾಲೂ ಮಾಡಲಿಲ್ಲ. ಶನಿವಾರವೂ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಶಿದ್ದಪ್ಪ ತಗಡಿನ ಹೊರೆ ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮೂರನೆಯ ಪ್ರೆಸ್ಸು ದುರ್ಗೇಶನ ಬಲಗೈಯ ಮೇಲೆ ಬಿತ್ತು. ಮಣಿಕಟ್ಟಿನಿಂದ ಮುಂದೆ ಏನೂ ಉಳಿಯಲಿಲ್ಲ. ದುರ್ಗೇಶ ತನ್ನ ಕೈ ಎಲ್ಲಿ ಹೋಯಿತೆಂದು ನೆಲದ ಮೇಲೆ ಹುಡುಕುವವನ ಹಾಗೆ ಬಗ್ಗಿದ, ಹಾಗೇ ಬಿದ್ದ. ಆ ದಿನದ ಮಾತನ್ನು ಶಿದ್ದಪ್ಪ ಬರೆಯಲಿಲ್ಲ.

ವಾರದೊಳಗೆ ಕಂಪನಿ ತನ್ನ ಹೇಳಿಕೆ ಸಿದ್ಧಮಾಡಿತು: ಬೇಗ ಕೆಲಸ ಮುಗಿಸುವ ಆಸೆಗೆ ಕಾರ್ಮಿಕನೇ ಸೆನ್ಸರ್ ಬಂದ್ ಮಾಡಿಕೊಂಡಿದ್ದ, ತಪ್ಪು ಅವನದು. ದುರ್ಗೇಶನಿಗೆ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ಈಗ ಒಂದೇ ಪ್ರಶ್ನೆಯ ಮೇಲೆ ನಿಂತಿತು: ಸೆನ್ಸರ್ ಬಂದ್ ಮಾಡು ಎಂಬ ಮಾತನ್ನು ಯಾರು ಯಾರಿಗೆ ಹೇಳಿದರು? ಅವನ ತಾಯಿ ಹನುಮವ್ವ ದಿನವೂ ಬಂದು ಗೇಟಿನ ಹೊರಗೆ ಕೂತು, ಒಳಗೆ ಹೋಗುವ ಪ್ರತಿಯೊಬ್ಬರನ್ನೂ ಅದನ್ನೇ ಕೇಳುತ್ತಿದ್ದಳು. ಯಾರಿಗೂ ಏನೂ ಗೊತ್ತಿರಲಿಲ್ಲ. ಆಗ ಅವರ್‍ಯಾರೂ ಅಲ್ಲಿ ಇರಲಿಲ್ಲವಂತೆ.

ಆದರೆ ನೋಟಬುಕ್ಕಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು, ತ್ರ್ಯಂಬಕ ಸಾಹೇಬರೇ ಅದನ್ನು ಇಡೀ ಕ್ಯಾಂಟೀನಿಗೆ ಓದಿ ಹೇಳಿದ್ದರು. ಸರಕಾರದಿಂದ ವಿಚಾರಣೆಗೆ ಬರುವ ಅಧಿಕಾರಿ ಅದನ್ನು ಹಾಜರುಪಡಿಸಲು ಕಂಪನಿಗೆ ಪತ್ರ ಬರೆದರು. ಬುಧವಾರ ಮಧ್ಯಾಹ್ನ ಮ್ಯಾನೇಜರ್ ವಿಜಯೀಂದ್ರ ಅವರು ಶಿದ್ದಪ್ಪನನ್ನು ನೋಟಬುಕ್ಕಿನ ಸಮೇತ ತಮ್ಮ ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಕೂತು ಗೊತ್ತಿಲ್ಲದ ಶಿದ್ದಪ್ಪ ಕುರ್ಚಿಯ ತುದಿಯಲ್ಲಿ ಅರ್ಧ ನಿಂತು ಅರ್ಧ ಕೂತ.

“ಭಾಳ ಛಲೋ ಬರದೀರಿ” ಎಂದರು ವಿಜಯೀಂದ್ರ, ಪುಟ ತಿರುವುತ್ತ. “ಅಕ್ಷರ ಅಂತೂ ದುಂಡಗ ಅವ. ಒಂದ ಸಣ್ಣ ತಪ್ಪಾಗೇದ ನೋಡ್ರಿ. ತ್ರ್ಯಂಬಕ ಅವರು ದುರ್ಗೇಶಗ ಹೇಳಿದ್ರು ಅಂತ ಬರದೀರಿ. ದುರ್ಗೇಶ ತ್ರ್ಯಂಬಕ ಅವರಿಗೆ ಹೇಳಿದಾ ಅಂತ ಆಗಬೇಕಿತ್ತು. ‘ಸೆನ್ಸರ್ ಬಂದ್ ಮಾಡಿ ಓಡಸತೇನಿ’ ಅಂತ.”

“ಹಂಗ ಅನಲಿಲ್ಲರೀ ಅಂವಾ.”

“ಎರಡ ಹೆಸರು ಅದಲಿಬದಲಿ ಮಾಡಿ ಹೊಸಾ ಹಾಳಿ ಮ್ಯಾಲೆ ಬರೀರಿ. ಸ್ವಾರಸ್ಯ ಹಂಗಽ ಇರಲಿ, ಅದು ಭಾಳ ಛಲೋ ಅದ.” ಸ್ವಲ್ಪ ಮುಂದೆ ಬಾಗಿದರು. “ಹತ್ತನೇತ್ತಾ ಪರೀಕ್ಷಾದ್ದು ನೀವು ತಲಿ ಕೆಡಿಸಿಕೊಳ್ಳಬ್ಯಾಡ್ರಿ. ಹತ್ತೊಂಬತ್ತು ವರ್ಷ ಸೇವಾ ಮಾಡೀರಿ. ನಿಮಗ ಆ ನೋಟಿಸು ಹತ್ತೂದಿಲ್ಲ ಅಂತ ನಾನ ಬರದು ಕೊಡತೇನಿ.”

ಶಿದ್ದಪ್ಪ ನೋಟಬುಕ್ಕು ಹಿಡಿದು ನೇರವಾಗಿ ಮಾಳಮಡ್ಡಿಗೆ ಹೋದ. ಅವನಿಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆಸೆಯಾಗಿತ್ತು. ಆಸೆಯಾಗಿದೆಯೆಂದು ತಿಳಿದು ನಾಚಿಕೆಯೂ ಆಗಿತ್ತು. ಇಷ್ಟು ತೊಡಕಿನ ಸಂಗತಿಯನ್ನು ಅವನು ತನಗೆ ಬರುವ ರೀತಿಯಲ್ಲೇ ಕೇಳಿದ.

“ಬಾಯಾರ, ಯಾರು ಯಾರಿಗೆ ಅನ್ನೂದು ಉಲ್ಟಾ ಬರದ್ರ ಎಷ್ಟ ಮಾರ್ಕ ಹೋಗತಾವ್ರಿ?”

“ಒಂದು ಮಾರ್ಕು” ಎಂದರು ಬಾಯಿಯವರು. “ಆದರ ಅದು ತಪ್ಪಿದ್ದರ ನಾ ಮುಂದಿಂದು ಓದೂದಽ ಇಲ್ಲ. ಯಾವ ಮಾತು ಅದು?”

ಅವನು ಪುಟ ತೆಗೆದುಕೊಟ್ಟು, ನಡೆದದ್ದನ್ನೆಲ್ಲ ಹೇಳಿದ. ಬಾಯಿಯವರು ಆ ಪುಟವನ್ನು ಈ ಸಲ ನಿಧಾನವಾಗಿ ಓದಿದರು. 

“ನಾ ಇದಕ್ಕ ಮೂರಕ್ಕ ಮೂರು ಹಾಕೇನಿ” ಎಂದರು. “ಯಾವಾಗ ಹಾಕಿದೆ?”

“ರವಿವಾರ್ರೀ.”

“ಕೈ ಹೋಗಿದ್ದು?”

“ಸೋಮವಾರ್ರೀ.”

ಮಂದಾಕಿನಿಬಾಯಿ ಅತ್ತರು. ಮೂವತ್ತೈದು ವರ್ಷ ಮಕ್ಕಳಿಗೆ ಅರ್ಥ ಹೇಳಿದ ಹೆಂಗಸು, ಒಂದು ದಿನ ಮೊದಲು ಕಣ್ಣ ಮುಂದಿದ್ದ ನಾಲ್ಕು ಸಾಲಿನ ಅರ್ಥ ತಿಳಿಯದೆ ಗುರುತು ಹಾಕಿ ಕಳಿಸಿದ್ದರು. ಶಿದ್ದಪ್ಪನಿಗೆ ಅವರನ್ನು ಸಮಾಧಾನ ಮಾಡಲು ಬರಲಿಲ್ಲ. ಏಕೆಂದರೆ ಅವನಿಗೂ ತಿಳಿದಿರಲಿಲ್ಲ, ಅವನಂತೂ ಅಲ್ಲೇ ನಿಂತಿದ್ದ. ನೀರು ತಂದುಕೊಟ್ಟು, ನೋಟಬುಕ್ಕು ತೆಗೆದುಕೊಂಡು ಮನೆಗೆ ಬಂದ.

ಸುಕನ್ಯಾ ಎಲ್ಲ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಂದು ಮಾತು ಹೇಳಿದಳು. “ನೀವು ಗುತ್ತಿಗಿಗೆ ಹೋದ್ರ ನಾನೂ ಕೆಲಸಕ್ಕ ಹೋಗತೇನ್ರಿ. ಉಲ್ಟಾ ಬರದ್ರ ಮಾತ್ರ ಆ ಬುಕ್ಕ ನನ್ನ ಮನ್ಯಾಗ ಬ್ಯಾಡ.”

ಮರುದಿನ, ಗುರುವಾರ, ಕಾರ್ಖಾನೆಯಲ್ಲೇ ವಿಚಾರಣೆ ನಡೆಯಿತು. ದುರ್ಗೇಶನ ಹೇಳಿಕೆಯನ್ನು ಆಸ್ಪತ್ರೆಯಲ್ಲೇ ಪಡೆದಿದ್ದ ಅಧಿಕಾರಿ ಮೇಜಿನ ಆಚೆ ಕೂತಿದ್ದರು. ಈಚೆ ತ್ರ್ಯಂಬಕ ಸಾಹೇಬರು, ವಿಜಯೀಂದ್ರ ಮತ್ತು ಶಿದ್ದಪ್ಪ. ಹೊಸ ಹಾಳೆ ಬರುತ್ತದೆಂದು ಕಾಯುತ್ತಿದ್ದ ವಿಜಯೀಂದ್ರ ಹಳೆಯ ನೋಟಬುಕ್ಕೇ ಮೇಜಿನ ಮೇಲೆ ಬಂದದ್ದು ನೋಡಿ ನೀರು ಕುಡಿದರು. ಅಧಿಕಾರಿ ಗಟ್ಟಿಯಾಗಿ ಓದಿದರು: ‘ಈ ಮಾತನ್ನು ತ್ರ್ಯಂಬಕ ಸಾಹೇಬರು ದುರ್ಗೇಶನಿಗೆ ಹೇಳಿದರು.’

“ಸರ್, ಇದು ಸಾಕ್ಷಿ ಅಲ್ಲ, ಸಾಹಿತ್ಯ” ಎಂದರು ವಿಜಯೀಂದ್ರ ತಕ್ಷಣ. “ಹಿಂದಿನ ಹಾಳಿ ನೋಡ್ರಿ, ಉಪ್ಪಿನ ಮಾತದ, ಕೊಡದ ಮಾತದ. ಮ್ಯಾಲೆ ಟೀಚರದು ಮಾರ್ಕ ಅವ. ಇದೆಲ್ಲಾ ಪರೀಕ್ಷಾದ ಕಲ್ಪನಾ. ಅಷ್ಟಾಗಿ ಖರೇ ಅಂದರೂ ಇಂವಾ ಸಾಹೇಬ್ರನ್ನ ಹೊಗಳ್ಯಾನ. ‘ಕರ್ತವ್ಯನಿಷ್ಠೆ’ ಅಂತ ಬರದಾನ. ತಪ್ಪು ಮಾಡಿದವರನ್ನ ಯಾರರ ಹೊಗಳತಾರೇನ್ರಿ?”

ವಾದ ಬಲವಾಗಿತ್ತು. ತ್ರ್ಯಂಬಕ ಸಾಹೇಬರೂ ಇಷ್ಟು ದಿನದಲ್ಲಿ ಮೊದಲ ಬಾರಿ ತಲೆಯೆತ್ತಿದರು. ಅಧಿಕಾರಿ ಶಿದ್ದಪ್ಪನನ್ನು ನೋಡಿದರು. “ಇದು ನೀವೇ ಬರೆದದ್ದೋ?”

“ಹೌದ್ರಿ. ಆ ಮಾತು ಕಲ್ಪನಾ ಅಲ್ಲರೀ, ನಾ ಅಲ್ಲೇ ನಿಂತಿದ್ನಿ. ಸ್ವಾರಸ್ಯ ಮಾತ್ರ ತಿಳೀಲಾರದ ಬರದೇನ್ರಿ.”

“ಈಗ ತಿಳಿದಿದೆಯೇ?”

“ತಿಳದೈತ್ರಿ.”

“ಹಾಗಾದರೆ ಬರೆಯಿರಿ” ಎಂದು ಅಧಿಕಾರಿ ಪೆನ್ನು ಮುಂದೆ ತಳ್ಳಿದರು.

ಶಿದ್ದಪ್ಪ ಕರ್ತವ್ಯನಿಷ್ಠೆಯ ಮೇಲೆ ಒಂದು ಗೆರೆ ಎಳೆದ.  ಹೊರಗಿನ ಪ್ರೆಸ್ಸುಗಳ ಸಪ್ಪಳ ಕೋಣೆಗೂ ಕೇಳುತ್ತಿತ್ತು. ವಿಜಯೀಂದ್ರ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಅವನು ಒಂದೇ ಒಂದು ಸಾಲು ಬರೆದು ಕೆಳಗೆ ಸಹಿ ಮಾಡಿದ. ಅಧಿಕಾರಿ ಅದನ್ನು ಗಟ್ಟಿಯಾಗಿ ಓದಲಿಲ್ಲ. ಓದಿ, ತ್ರ್ಯಂಬಕ ಸಾಹೇಬರ ಕಡೆ ಸರಿಸಿದರು. ಸಾಹೇಬರು ಓದಿ, ಇದು ಸುಳ್ಳು ಎನ್ನಲು ಬಾಯಿ ತೆರೆದರು. ಆದರೆ ಆ ಸಾಲಿನಲ್ಲಿ ಸುಳ್ಳೆನ್ನುವಂಥದ್ದು ಏನೂ ಇರಲಿಲ್ಲ. ಅಧಿಕಾರಿ ಅದರ ನಕಲು ತೆಗೆಸಿ ಶಿದ್ದಪ್ಪನಿಗೆ ಕೊಟ್ಟು, ನೋಟಬುಕ್ಕನ್ನು ಫೈಲಿಗೆ ಸೇರಿಸಿದರು.

ಬಾಗಿಲ ಬಳಿ ವಿಜಯೀಂದ್ರ ಬಹಳ ಮೃದುವಾಗಿ ಹೇಳಿದರು. “ಶಿದ್ದಪ್ಪ, ಪರೀಕ್ಷಾದ ತನಕ ಕಾಯೂದು ಬ್ಯಾಡ. ನಾಳೆಯಿಂದನಽ ಗುತ್ತಿಗೆದಾರರ ಕಡೆ ಹೆಸರು ಹಚ್ಚಿಬಿಡ್ರಿ.”

ಗೇಟಿನ ಹೊರಗೆ ಹನುಮವ್ವ ಕೂತಿದ್ದಳು. ಅವನ ಮುಖ ನೋಡಿ, ಆಮೇಲೆ ಅವನ ಕೈಯಲ್ಲಿದ್ದ ಹಾಳೆ ನೋಡಿದಳು.

“ಏನ ಬರದಿ ಓದ ನೋಡೂಣು” ಎಂದಳು. “ನನಗ ಅಕ್ಷರ ಬರೂದಿಲ್ಲ.”

ಶಿದ್ದಪ್ಪ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಓದಿದ. ‘ಈ ಮಾತು ಹೇಳಿದ ದಿನ ದುರ್ಗೇಶನಿಗೆ ಎರಡು ಕೈ ಇದ್ದವು.’

ಹನುಮವ್ವ ಕೇಳಿಸಿಕೊಂಡಳು.  ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಷ್ಟು ತಿಳ್ಯಾಕ ಹತ್ತನೇತ್ತಾ ಕಲೀಬೇಕೇನಪಾ?” ಎಂದಳು.

“ನನಗ ಬೇಕಾತಬೇ” ಎಂದ ಶಿದ್ದಪ್ಪ.